ಅತ್ತೆಯ ಮೇಲೊಂದು ನಾರ್ವೆ ಹಾಡು

ಜಪಾನಿನ ಗ್ಯೋಟೋಕುವಿನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ನಾರ್ವೆಯ ಮುದುಕರೊಬ್ಬರು ತಮ್ಮ ದೇಶದಲ್ಲಿ ಹೆಸರಾಂತ ನಗೆಗಾರರಾಗಿದ್ದರಂತೆ. ಹಾಡು, ಕುಣಿತ, ಪ್ರಹಸನಗಳನ್ನು ಪೋಣಿಸಿದ ರೆವ್ಯೂ ಎಂಬ ರಂಗಪ್ರಯೋಗಗಳಿಗೆ ಜೀವನವಿಡೀ ಬರೆದವರು. ಮಂತ್ರಿಗಳನ್ನು, ಮೇಯರುಗಳನ್ನು, ಒಮ್ಮೆ ತಮ್ಮದೇ ಹಲ್ಲಿನ ಡಾಕ್ಟರನ್ನೂ ಹಾಡು ಕಟ್ಟಿ ಲೇವಡಿ ಮಾಡಿದ್ದರು. ಆಮೇಲೆ ಆ ಊರಿನಲ್ಲಿ ಯಾರೂ ಅವರ ಹಲ್ಲು ಮುಟ್ಟಲಿಲ್ಲವಂತೆ. ಜಪಾನಿ ಹೆಂಡತಿ ತವರಿಗೆ ಮರಳಬೇಕೆಂದಾಗ ಜೊತೆಗೆ ಬಂದರು. ಕಸುಬು ಅಲ್ಲಿಗೆ ನಿಂತಿತು.

"ಇಲ್ಲಿ ಯಾರನ್ನ ಗೇಲಿ ಮಾಡ್ಲಿ?" ಎಂದು ಲಿಫ್ಟಿನಲ್ಲಿ ಇಂಗ್ಲಿಷಿನಲ್ಲಿ ಗೋಳಾಡಿಕೊಂಡರು. "ನಾನು ಬಾಯಿ ತೆರೆಯೋದ್ರೊಳಗೆ ಅವರೇ ಸುಮಿಮಾಸೆನ್ ಅಂತ ಕ್ಷಮೆ ಕೇಳ್ಬಿಡ್ತಾರೆ!"

ಇಲ್ಲಿನ ಕನ್ನಡಿಗರ ಯುಗಾದಿ ಕಾರ್ಯಕ್ರಮಕ್ಕೆ ನಾನೊಂದು ಸ್ಕಿಟ್ ಹುಡುಕುತ್ತಿದ್ದೆ. ಮೈಸೂರಿನಿಂದ ಬಂದಿದ್ದ ಅತ್ತೆ ನಮ್ಮ ಜಪಾನಿ ಎಲೆಕ್ಟ್ರಿಕ್ ಕಮೋಡಿನ ಬಟನ್ನುಗಳನ್ನೆಲ್ಲ ಒತ್ತಿ, ಚಿಮ್ಮಿದ ನೀರಿಗೆ ನೆಂದು, "ಇದರೊಳಗೆ ಯಾರೋ ಇದಾರೆ!" ಎಂದು ಕೂಗಿಕೊಂಡದ್ದನ್ನು ಹೇಳಿದೆ. ಮುದುಕರ ಕಣ್ಣು ಮಿಂಚಿತು. ಅಂದು ಸಂಜೆಯೇ ಅಕಾರ್ಡಿಯನ್ ಹೊತ್ತು ಇಳಿದು ಬಂದರು.

"ಬಟನ್‌ಗೆ ನಿಮ್ಮ ಭಾಷೇಲಿ ಪ್ರಾಸ ಏನು?"

"ಮಟನ್."

"ಹಾಕಿ!"

"ಅಯ್ಯೋ, ನಮ್ಮತ್ತೆ ಮೊಟ್ಟೇನೂ ಮುಟ್ಟಲ್ಲ."

"ಹಾಗಾದ್ರೆ ಎರಡು ಸಲ ಹಾಕಿ!"

ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಕನ್ನಡಕ್ಕೆ ಇಳಿಸಿದೆ. ಅತ್ತೆಯ ಪಾತ್ರ ನನ್ನ ಗಂಡನಿಗೆ. ತಾಲೀಮೆಲ್ಲ ಮೇಲಿನ ಮನೆಯಲ್ಲೇ. ಅತ್ತೆಗೆ ಮಾತ್ರ ದೇವರನಾಮ ಎಂದು ಹೇಳಿದ್ದೆವು.

ಕಾರ್ಯಕ್ರಮದ ದಿನ ಇಚಿಕಾವಾ ಊರಿನ ಸಭಾಂಗಣದಲ್ಲಿ ಪರದೆ ಸರಿಯಿತು. ಅತ್ತೆಯ ಹಸಿರು ರೇಷ್ಮೆ ಸೀರೆಯುಟ್ಟು ಗಂಡ ಕುಣಿಯುತ್ತ ಬಂದರು. ಎರಡನೇ ನುಡಿಗೆ ಮುಂದಿನ ಸಾಲಿನಿಂದ ಅತ್ತೆ ಎದ್ದುನಿಂತರು. ಅವರು ಸೀದಾ ವೇದಿಕೆ ಹತ್ತಿ, ಮಗನನ್ನು ಪಕ್ಕಕ್ಕೆ ತಳ್ಳಿ, ಮೈಕು ಕಿತ್ತುಕೊಂಡರು.

"ಇವನಿಗೇನ್ ಗೊತ್ತು? ಇವನು ಆಫೀಸಲ್ಲಿದ್ದ! ಮೊದಲು ಬಂದಿದ್ದು ನೀರಲ್ಲ, ಮ್ಯೂಸಿಕ್ಕು. ನಾನು ರೇಡಿಯೋ ಅನ್ಕೊಂಡು ಸೌಂಡ್ ಜಾಸ್ತಿ ಮಾಡಕ್ಕೆ ಹೋದೆ!"

ಜನ ಕುರ್ಚಿ ಮೇಲೆ ಉರುಳಾಡಿದರು. ಅತ್ತೆ ಪ್ರತಿ ಬಟನ್ನನ್ನೂ ಅಭಿನಯಿಸಿ ತೋರಿಸಿದರು. ಒಂದಕ್ಷರ ಅರ್ಥವಾಗದಿದ್ದರೂ ಮುದುಕರು ತಾಳ ತಪ್ಪದೆ ಅಕಾರ್ಡಿಯನ್ ನುಡಿಸುತ್ತಲೇ ಇದ್ದರು.

ಮುಗಿದ ಮೇಲೆ ನನ್ನ ಬಳಿ ಬಂದು, "ಕೊನೇ ಭಾಗ ಯಾರು ಬರೆದಿದ್ದು?" ಎಂದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

"ಯಾರೂ ಇಲ್ಲ. ಅವರೇ ಒರಿಜಿನಲ್ ಅತ್ತೆ."

ಮುದುಕರು ಸೊಂಟ ಬಗ್ಗಿಸಿ ಅತ್ತೆಗೆ ಜಪಾನಿ ನಮಸ್ಕಾರ ಮಾಡಿದರು. ಅತ್ತೆ ಮಗನ ಮೈಮೇಲಿದ್ದ ತಮ್ಮ ಸೀರೆ ನೋಡುತ್ತ "ಸೀರೆ ಇಸ್ತ್ರಿ ಹಾಳಾಯ್ತು" ಎಂದರು.

ಈಗ ಮುದುಕರು ನಮ್ಮ ಪ್ರತಿ ಹಬ್ಬಕ್ಕೂ ಹಾಡು ಬರೆಯುತ್ತಾರೆ. ಆದರೆ ಮೊದಲು ಮೈಸೂರಿಗೆ ಮರಳಿರುವ ಅತ್ತೆಗೆ ವಿಡಿಯೋ ಕಾಲ್. ನಾನು ಅನುವಾದಿಸುತ್ತೇನೆ, ಅತ್ತೆ ಗಂಭೀರವಾಗಿ ಕೇಳುತ್ತಾರೆ. "ಈ ಸಾಲಿಗೆ ನಗು ಬರಲ್ಲಮ್ಮ, ತೆಗಿಯಕ್ಕೆ ಹೇಳು." ನಾರ್ವೆಯಲ್ಲಿ ಒಂದೊಂದು ಸಾಲಿಗೂ ನಿರ್ದೇಶಕರೊಡನೆ ಜಗಳವಾಡುತ್ತಿದ್ದವರು ತೆಪ್ಪಗೆ ಪೆನ್ನು ತೆಗೆದು ಗೀಟು ಹಾಕುತ್ತಾರೆ.