ತಾತನ ಕೊಳೆ

ಹನ್ನೊಂದು ಬೋಗಿಗಳನ್ನು ತೊಳೆದುಬಿಟ್ಟಿದ್ದರು. ಸೋಪಿನ ನೀರು, ಸ್ಪಿರಿಟ್ಟು, ಹಲ್ಲುಜ್ಜುವ ಬ್ರಶ್ಶು. ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ. ಒತ್ತಿ ಬರೆದ ಗುರುತು ಮುಂದಿನ ಪುಟದಲ್ಲೂ ಇದೆ.

ಅವು ತಾತನ ಬೋಗಿಗಳು. ಸ್ವಂತ ತಾತನಲ್ಲ, ಹಲಸೂರಿನ ನಮ್ಮ ಮನೆಯ ಮಹಡಿಯಲ್ಲಿದ್ದವರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಗೇಣುದ್ದದ ರೈಲುಬೋಗಿಗಳನ್ನು ಕೈಯಲ್ಲೇ ಕಟ್ಟುತ್ತಿದ್ದರು. ಮಾದರಿ ರೈಲಿನ ಸಂಘದಲ್ಲಿ ಉಳಿದವರ ಬೋಗಿಗಳೆಲ್ಲ ಈಗತಾನೇ ಡಬ್ಬಿಯಿಂದ ತೆಗೆದಂತೆ ಹೊಳೆಯುತ್ತಿದ್ದವು. ತಾತ ಒಂದು ತಿಂಗಳು ಬೋಗಿ ಕಟ್ಟಿದರೆ ಎರಡು ತಿಂಗಳು ಅದಕ್ಕೆ ಕೊಳೆ ಹಚ್ಚುತ್ತಿದ್ದರು. ಶಿವಾಜಿನಗರದ ಕಬಾಬ್ ಅಂಗಡಿಯಿಂದ ಬೇಡಿ ತಂದ ಇದ್ದಿಲು, ನಮ್ಮ ಗೇಟಿನಿಂದ ಕೆರೆದ ತುಕ್ಕು, ಚಹಾದ ಡಿಕಾಕ್ಷನ್. ಬಾಗಿಲ ಪಕ್ಕ ಎಲೆಯಡಿಕೆ ಉಗುಳಿದ ಕಲೆ. ಕಕ್ಕಸಿನ ಕಿಟಕಿಯ ಕೆಳಗೆ ಇಳಿದ ಕಂದು ಗೆರೆ.

ಭಾನುವಾರ ಬೆಳಿಗ್ಗೆ ನನ್ನನ್ನು ಕೆ.ಆರ್. ಪುರದ ಮೇಲ್ಸೇತುವೆಗೆ ಕರೆದೊಯ್ಯುತ್ತಿದ್ದರು.

"ಛಾವಣಿ ನೋಡು ಮರಿ. ನಮ್ಮ ರೈಲು ಮೇಜಿನ ಮೇಲಿರುತ್ತೆ, ಎಲ್ರೂ ಮೇಲಿಂದ್ಲೇ ನೋಡೋದು. ಅಲ್ಲಿ ಮೋಸ ಮಾಡಿದ್ರೆ ಸಿಕ್ಕಾಕೊಂಡ್ಬಿಡ್ತೀವಿ."

ಕಂಡ ಬಣ್ಣವನ್ನು ನಾನು ಡೈರಿಯಲ್ಲಿ ಬರೀ 'ಕಪ್ಪು' ಎಂದು ಬರೆದರೆ ಇಣುಕಿ ನೋಡಿ ಕೇಳುತ್ತಿದ್ದರು, "ಯಾವ ಕಪ್ಪು?"

"ದೋಸೆ ಕಾವಲಿ ಕಪ್ಪು."

"ಹ್ಞಾಂ, ಈಗ ಬಂದೆ ನೋಡು ದಾರಿಗೆ."

ತಾತ ತೀರಿಕೊಂಡ ಮೇಲೆ ಸಂಘದ ಕಾರ್ಯದರ್ಶಿ ತಾತನ ಹೆಂಡತಿ ಅಜ್ಜಿಯ ಹತ್ತಿರ ಬಂದು, ಶ್ರದ್ಧಾಂಜಲಿ ಸಭೆಗೆಂದು ಹನ್ನೊಂದು ಬೋಗಿಗಳನ್ನು ಒಯ್ದರು. ಹನ್ನೆರಡನೆಯದು, ಗಾರ್ಡಿನ ಬೋಗಿ, ನನ್ನ ಬಳಿ ಇತ್ತು. ಅದರ ಒಂದು ಪಕ್ಕಕ್ಕೆ ಮಾತ್ರ ಕೊಳೆ ಹಚ್ಚಿ ತಾತ, "ಆ ಕಡೆದು ನಿಂದು" ಎಂದು ನನಗೆ ಕೊಟ್ಟಿದ್ದರು.

ಇಂದಿರಾನಗರದ ಸಭಾಂಗಣಕ್ಕೆ ನಾನು ಅದನ್ನೂ ಚೀಲದಲ್ಲಿಟ್ಟುಕೊಂಡು ಹೋದೆ, ರೈಲಿನ ಹಿಂದೆ ಜೋಡಿಸೋಣವೆಂದು. ಹಾರ ಹಾಕಿದ ಫೋಟೋದ ಮುಂದೆ ಹನ್ನೊಂದು ನೀಲಿ ಬೋಗಿಗಳು ಆಟಿಕೆಯಂಗಡಿಯ ಗಾಜಿನೊಳಗಿನ ಹಾಗೆ ಮಿರುಗುತ್ತಿದ್ದವು.

"ಹೆಂಗಿದೆ ನೋಡಮ್ಮ! ನಾಲ್ಕು ದಿನ ಕೂತು ಕ್ಲೀನ್ ಮಾಡಿಸ್ದೆ," ಎಂದರು ಕಾರ್ಯದರ್ಶಿ.

"ಅದು ಧೂಳಲ್ಲ ಸಾರ್. ಅವ್ರು ಹಚ್ಚಿದ್ದು."

"ನಂಗೊತ್ತಿಲ್ವಾ? ಅವ್ರಿಗೆ ಆ ಗಲೀಜಿನ ಹುಚ್ಚು. ಇವತ್ತು ಮಕ್ಕಳು ಮರಿ ಬರ್ತಾರೆ, ಫೋಟೋ ತೆಗೀತಾರೆ. ಉಗುಳಿರೋ ಬೋಗಿ ತೋರ್ಸಕ್ಕಾಗುತ್ತಾ?"

ಗೊತ್ತಿತ್ತಂತೆ! ಗೊತ್ತಿಲ್ಲದೆ ತೊಳೆದಿದ್ದರೆ ಕ್ಷಮಿಸಬಹುದಿತ್ತೋ ಏನೋ. ಆಮೇಲೆ ಅದೇ ಮನುಷ್ಯ ಮೈಕಿನ ಮುಂದೆ ನಿಂತು ತಾತನ ತಾಳ್ಮೆಯನ್ನು ಹೊಗಳಿದರು. ಸೂಕ್ಷ್ಮ ದೃಷ್ಟಿ ಎಂದರು, ಕಣ್ಣೊರೆಸಿಕೊಂಡರು. ಆ ದೃಷ್ಟಿ ಕಂಡದ್ದನ್ನೆಲ್ಲ ಚರಂಡಿಗೆ ಚೆಲ್ಲಿ ಬಂದ ಕೈಯಲ್ಲೇ. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಅಜ್ಜಿ ಕನ್ನಡಕ ಏರಿಸಿ ಮೇಜನ್ನೇ ನೋಡುತ್ತಿದ್ದರು. "ಇದ್ಯಾರ್ ರೈಲು ಮರಿ?" ಎಂದು ನನ್ನನ್ನು ಕೇಳಿದರು.

ಭಾಷಣ ಮುಗಿಸಿ ಕಾರ್ಯದರ್ಶಿ ನೇರ ನನ್ನ ಹತ್ತಿರ ಬಂದರು. "ಗಾರ್ಡ್ ಬೋಗಿ ನಿನ್ನತ್ರ ಇದೆಯಂತಲ್ಲ. ಕೊಟ್ಬಿಡು, ತೊಳ್ಸಿ ಸೆಟ್ ಪೂರ್ತಿ ಮಾಡ್ತೀನಿ."

"ಕೊಡಲ್ಲ."

"ಏನಮ್ಮ, ನಿಮ್ಮಪ್ಪನ ಆಸ್ತಿನಾ ಅದು?"

ಅಜ್ಜಿ ನನ್ನ ಚೀಲದ ಮೇಲೆ ಕೈಯಿಟ್ಟರು. "ನಮ್ಮನೆಯವ್ರದು. ಕೊಡ್ಬೇಡ ಕಣೇ. ನಡಿ ಮನೆಗೆ."

ಊಟ ಮಾಡದೆ ಆಟೋ ಹತ್ತಿದೆವು.

ಈಗಲೂ ಭಾನುವಾರ ಕೆ.ಆರ್. ಪುರಕ್ಕೆ ಹೋಗುತ್ತೇನೆ, ಬಣ್ಣಗಳನ್ನು ಬರೆದುಕೊಳ್ಳುತ್ತೇನೆ. ಇದ್ದಿಲ ಪುಡಿ, ತುಕ್ಕು ಎಲ್ಲವೂ ಮೇಜಿನ ಮೇಲಿವೆ. ಆದರೆ ಸಿಟ್ಟಿನಲ್ಲಿ ಕೊಳೆ ಹಚ್ಚಬಾರದು, ಕೈ ಭಾರವಾಗಿ ಜಾಸ್ತಿ ಬಿದ್ದುಬಿಡುತ್ತದೆ ಎನ್ನುತ್ತಿದ್ದರು ತಾತ. ಗಾರ್ಡಿನ ಬೋಗಿಯಲ್ಲಿ ನನ್ನ ಪಾಲಿನ ಪಕ್ಕ ಇನ್ನೂ ಹೊಳೆಯುತ್ತಲೇ ಇದೆ.