ಬಾಣಂತಿ ಕೋಣೆಯ ಕೆಂಡ

ಕೂಸಿಗೆ ಚಳಿಯಿಂದ ಏನೂ ಆಗಿರಲಿಲ್ಲ, ಆದದ್ದೆಲ್ಲ ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಹೋದರೆ ಮಾತನ್ನು ನನ್ನ ಕಡೆಗೇ ವಾಲಿಸಿಕೊಳ್ಳುವ ಬುದ್ಧಿ ನನಗಿದೆ.

ಮಗಳು ಸರೋಜಳ ಬಾಣಂತನಕ್ಕೆಂದು ಮದೀನತ್ ಜಾಯೆದ್ ಎಂಬ ಮರಳುಗಾಡಿನ ಊರಿಗೆ ಹೋಗಿದ್ದೆ. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಾರದ ಕಾಲ. ಅಳಿಯನಿಗೆ ಅಲ್ಲಿ ತೈಲದ ಕಂಪನಿಯಲ್ಲಿ ಕೆಲಸ. ಅರಬರ ದೇಶವೆಂದರೆ ಬರೀ ಬೆಂಕಿ ಎಂದುಕೊಂಡು ಬಂದವಳಿಗೆ ಜನವರಿಯ ಮರಳುಗಾಡಿನ ಗಾಳಿ ಹಲ್ಲು ಕಟಕಟಿಸುವಂತೆ ಮಾಡಿತು. ಅಲ್ಲಿನ ಮನೆಗಳು ಬಿಸಿಲಿಗೆ ಹೆದರಿ ಕಟ್ಟಿದವು. ಚಳಿಯ ನೆನಪೇ ಅವಕ್ಕಿಲ್ಲ. ತಣ್ಣಗೆ ಮಾಡುವ ಯಂತ್ರ ಕೋಣೆಗೊಂದು, ಬೆಚ್ಚಗೆ ಮಾಡುವುದು ಒಂದೂ ಇಲ್ಲ. ಟೈಲ್ಸ್ ಮೇಲೆ ಕಾಲಿಟ್ಟರೆ ಮೊಣಕಾಲಿನ ತನಕ ಸುದ್ದಿ ಮುಟ್ಟುತ್ತಿತ್ತು. ಇಪ್ಪತ್ತು ದಿನದ ಕೂಸು ಇದನ್ನು ತಡೆದೀತೇ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಾರೆ. ನನಗೂ ಇಟ್ಟಿದ್ದರು, ನಮ್ಮವ್ವನಿಗೂ ಇಟ್ಟಿದ್ದರು. ಇಬ್ಬರೂ ಬದುಕಿದೆವು, ಆದ್ದರಿಂದ ಅದು ಸರಿ. ನಾಲ್ಕನೆಯ ಇಯತ್ತೆ ಓದಿದವಳ ಶಾಸ್ತ್ರ ಇಷ್ಟೇ. ಮಾಂಸ ಸುಡುವವರಿಗೆಂದು ಅಂಗಡಿಯಲ್ಲಿ ಮಾರುವ ಇದ್ದಿಲಿನ ಚೀಲ ತರಿಸಿದೆ. ಹಳೆಯ ಬಾಣಲೆಯಲ್ಲಿ ಹಾಕಿ, ಬಾಲ್ಕನಿಯಲ್ಲಿ ಹೊತ್ತಿಸಿ, ಹೊಗೆ ಅಡಗಿದ ಮೇಲೆಯೇ ಒಳಗೆ ತಂದೆ. ಹೊಗೆಯಿಲ್ಲದ ಮೇಲೆ ಭಯವೇನು? ಕಿಟಕಿ ಎಳೆದು ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿದೆ. ಶೀಸೆಗೆ ಬಿರಡೆ ಹಾಕಿದಂತಾಯಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸರೋಜ, “ಯವ್ವಾ, ತಲಿ ಸಿಡ್ಯಾಕತ್ತೈತಿ” ಅಂದಳು.

“ಥಂಡಿ ಹೊಕ್ಕೈತಿ, ಸುಮ್ನ ಮಕ್ಕೊ” ಎಂದು ತಲೆಗೆ ಬಟ್ಟೆ ಬಿಗಿದು, ಇನ್ನೆರಡು ಇದ್ದಿಲು ಹಾಕಿದೆ.

ಬೆಳಿಗ್ಗೆಯಿಂದ ಕಿರುಚುತ್ತಿದ್ದ ಕೂಸು ಸುಮ್ಮನಾಯಿತು. ಬೆಚ್ಚಗಾದ ಮೇಲೆ ಎಷ್ಟು ಚೆಂದ ಮಲಗಿದೆ ಅಂದುಕೊಂಡೆ. ಹಾಲಿನ ಹೊತ್ತಾದರೂ ಏಳಲಿಲ್ಲ. ಅಂಗಾಲು ಚಿವುಟಿದೆ, ಕಾಲು ಎಳೆದುಕೊಳ್ಳಲಿಲ್ಲ. ಸರೋಜಳನ್ನು ಕೂಗಿದೆ, ಹೂಂ ಅಂದಳು, ಕಣ್ಣು ಬಿಡಲಿಲ್ಲ. ಏಳಲು ಹೋದರೆ ನನ್ನ ಕಾಲೇ ನನ್ನ ಮಾತು ಕೇಳಲಿಲ್ಲ. ಬಾಗಿಲ ತನಕ ತೆವಳಿದೆ. ನಾನೇ ತುರುಕಿದ ಟವೆಲ್ಲನ್ನು ಎಳೆಯುವ ಶಕ್ತಿ ನನ್ನ ಕೈಗಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬಂದ ಅಳಿಯ ಹೊರಗಿನಿಂದ ಬಾಗಿಲು ನೂಕಿದ. “ಅತ್ತೀ, ಏನ್ ಮಾಡೀರಿ ಇದು!” ಎನ್ನುತ್ತಲೇ ಕೂಸನ್ನು ಎತ್ತಿಕೊಂಡು ಓಡಿದ, ಮತ್ತೆ ಬಂದು ನಮ್ಮಿಬ್ಬರನ್ನು ಎಳೆದ.

ಆಸ್ಪತ್ರೆಯಲ್ಲಿ ಕೂಸಿಗೆ ಆಕ್ಸಿಜನ್ ಹಚ್ಚಿದ ಕೇರಳದ ನರ್ಸ್ ನನ್ನ ಕಡೆ ತಿರುಗಿದಳು. “ಅಮ್ಮಾ, ಬಂದ್ ಕಮರೇ ಮೇ ಕೋಯ್ಲಾ? ಬಚ್ಚಾ ಖಲಾಸ್ ಹೋ ಜಾತಾ!” ಹಿಂದಿ ನನಗೆ ಅಷ್ಟಕ್ಕಷ್ಟೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲೇ ಎಂದದ್ದು ಅರೆಬರೆ ತಿಳಿಯಿತು, ಖಲಾಸ್ ಮಾತ್ರ ಎದೆಗೇ ಬಂದು ತಾಗಿತು. ಹೊಗೆ ನಿಂತರೂ ಕೆಂಡ ವಿಷ ಬಿಡುತ್ತದಂತೆ, ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಅಳಿಯ ಬಿಡಿಸಿ ಹೇಳಿದ. ಸಂಜೆ ಕೂಸು ಅತ್ತಿತು. ಸರೋಜ ಕೂಸನ್ನು ಅವಚಿಕೊಂಡು ನನ್ನ ಕಡೆಗೆ ಬೆನ್ನು ಮಾಡಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಗಂಜಿ ಮಾಡಲೆಂದು ಮನೆಗೆ ಬಂದವಳು ನೆಟ್ಟಗೆ ಕೆಳಗಿನ ಮನೆಗೆ ಹೋದೆ. ಅಲ್ಲಿ ಬಾಗಲಕೋಟೆಯ ಶಾಂತವ್ವ ಇದ್ದಳು. ಅವಳ ಸೊಸೆ ಹಸುಗೂಸಿನೊಂದಿಗೆ ಅಂದೇ ಆಸ್ಪತ್ರೆಯಿಂದ ಬರುವವಳಿದ್ದಳು. ಚೀಲದ ಅರ್ಧ ಇದ್ದಿಲು ನಾನೇ ಶಾಂತವ್ವನಿಗೆ ಕೊಟ್ಟಿದ್ದೆ, ಕಿಟಕಿ ಬಿಗಿಯುವುದನ್ನೂ ಕಲಿಸಿದ್ದೆ.

“ಕೆಂಡ ಇಡಬ್ಯಾಡ. ನಾ ನಿನ್ನೆ ಮಗಳನ್ನೂ ಮೊಮ್ಮಗಳನ್ನೂ ಕೊಲ್ಲಾಕ ಹೋಗಿದ್ದೆ” ಅಂದೆ.

“ಹಂಗಾರ ನಮ್ಮ ಹಿರ್ಯಾರೆಲ್ಲ ಹುಚ್ಚರೇನವಾ?”

“ಹಿರ್ಯಾರ ಮನಿಗೆ ಬೆಳಕಿಂಡಿ ಇತ್ತು. ಈ ಮನಿಗೆ ಎಲ್ಲೈತಿ, ತೋರ್ಸು.”

ಅವಳು ತಲೆಯೆತ್ತಿ ಸೂರನ್ನು ನೋಡುತ್ತಿರುವಾಗಲೇ ಇದ್ದಿಲನ್ನೆಲ್ಲ ಬಕೆಟ್ಟಿನ ನೀರಿಗೆ ಸುರಿದೆ. ಮೇಲೆ ಹೋಗಿ ನನ್ನ ಎರಡು ಇಳಕಲ್ ಸೀರೆ ತಂದು, ಕೂಸುಗಳಿಗೆ ಹೊದಿಸಲು ಕೌದಿ ಹೊಲಿಯಲೆಂದು ಅವಳೆದುರಿಗೇ ಹರಿದೆ. ಸೊಸೆ ಬರುವ ಹೊತ್ತಿಗೆ ಒಂದು ಕೌದಿ ಅರ್ಧ ಮುಗಿದಿತ್ತು. ಕಿಟಕಿ ನಾಲ್ಕು ಬೆರಳು ತೆರೆದೇ ಇತ್ತು. ಮುದುಕಿಯರಿಬ್ಬರೂ ನಡುಗುತ್ತ, ಸೂಜಿಗೆ ದಾರ ಪೋಣಿಸಲಾಗದೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದೆವು.