ವಾಂತಿ ಮಾಡಿಸಲು ಬಿಡದ ಚಾಚಿ

ಮೊನ್ನೆ ಎದುರು ಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಥಿನ್ನರಿನ ಘಾಟು ಮೂಗಿಗೆ ಬಡಿದದ್ದೇ ತಡ, ಅಗರಖೇಡದಲ್ಲಿ ನಮ್ಮ ಹಿತ್ತಲಿನಾಚೆ ಇದ್ದ ಮನೆಯ ಚಾಚಿ ಕಣ್ಣೆದುರು ಬಂದು ನಿಂತರು...

ಅಂದು ಕಾರಹುಣ್ಣಿಮೆ. ಎತ್ತಿನ ಕೋಡಿಗೆ ಹಚ್ಚುವ ಬಣ್ಣ ತೆಳುವಾಗಲಿ ಎಂದು ಥಿನ್ನರ್ ತಂದಿದ್ದೆ. ಡಬ್ಬಿಯಿಂದ ಸುರಿಯುವುದು ತ್ರಾಸೆಂದು ಒಂದಿಷ್ಟನ್ನು ಶರಬತ್ತಿನ ಖಾಲಿ ಬಾಟಲಿಗೆ ಹಾಕಿ ಕಟ್ಟೆಯ ಮೇಲಿಟ್ಟೆ. ಅಂಥಾ ಜಾಣ ನಾನು! ಒಂದು ಕೋಡು ಮುಗಿಸಿ ತಿರುಗುವಷ್ಟರಲ್ಲಿ ನಾಲ್ಕು ವರ್ಷದ ಮಗಳು ಬಾಟಲಿ ಹಿಡಿದು ಒಂದೇ ಸಮನೆ ಕೆಮ್ಮುತ್ತಿದ್ದಳು.

ಅವ್ವ ಉಪ್ಪುನೀರು ತಂದಳು. ನಾನು ಮಗಳ ಗಂಟಲಿಗೆ ಬೆರಳು ಹಾಕಲು ಹೋದೆ. ಗದ್ದಲ ಕೇಳಿ ಓಡಿಬಂದ ಚಾಚಿ ನನ್ನನ್ನು ದಬ್ಬಿ ಕೂಸನ್ನು ಕಸಿದುಕೊಂಡರು. ಯಾರೆದುರೂ ದನಿ ಎತ್ತಿದ ಹೆಂಗಸಲ್ಲ ಅವರು.

"ಏನೂ ಕುಡಸಬ್ಯಾಡ್ರಿ, ವಾಂತಿ ಮಾಡಸಬ್ಯಾಡ್ರಿ! ಅದು ಮ್ಯಾಲ ಬಂದು ಶ್ವಾಸದಾಗ ಹೋತಂದ್ರ ಕೂಸು ಉಳಿಯೂದಿಲ್ಲ. ಗಾಡಿ ತರ್ರಿ, ಆ ಡಬ್ಬಿನೂ ತಗೋರಿ."

ಅವ್ವ ಸಿಟ್ಟಿನಲ್ಲಿ ಅವರ ಕೈ ಪರಚಿದಳು. "ಕೂಸಿಗಿ ಏನರ ಆತಂದ್ರ ನಿನ್ನ ಬಿಡಾಂಗಿಲ್ಲ!"

"ಬಿಡಬ್ಯಾಡ ಯಕ್ಕಾ," ಎಂದು ಚಾಚಿ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಇಂಡಿಯ ಆಸ್ಪತ್ರೆಗೆ ಹೋಗುವಾಗ ಟೆಂಪೊದಲ್ಲಿ ಒಬ್ಬರು ಹಾಲು ಕುಡಿಸಿ ಎಂದರು, ಇನ್ನೊಬ್ಬರು ಲಿಂಬೆಹಣ್ಣು ಹಿಂಡಿ ಎಂದರು. ಮಗಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡ ಚಾಚಿ ಎಲ್ಲರಿಗೂ ಒಂದೇ ಮಾತು ಹೇಳಿದರು, "ಬ್ಯಾಡ್ರಿ." ಕೂಸು ಹೋಗಿದ್ದರೆ ಊರೆಲ್ಲ ಅವರ ಮೇಲೇ ಗೂಬೆ ಕೂರಿಸುತ್ತಿತ್ತು. ಅದು ಗೊತ್ತಿದ್ದೂ ಅವರು ಹಾಗೆ ಗಟ್ಟಿಯಾಗಿ ಕೂತಿದ್ದರು. ವಾಂತಿ ಮಾಡಿಸದೆ ತಂದಿರಿ, ಬದುಕಿತು ಎಂದರು ಡಾಕ್ಟರು. ನಾಲ್ಕನೇ ದಿನ ಮಗಳು ಮನೆಗೆ ಬಂದಳು.

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಂದು ದಿನ ಕೇಳಿದೆ. ಕೌದಿ ಹೊಲಿಯುತ್ತಿದ್ದ ಚಾಚಿ ತಲೆ ಎತ್ತಲಿಲ್ಲ.

"ನನ್ನ ಮಗಳು ಚಿಮಣಿ ಎಣ್ಣಿ ಕುಡದಿತ್ತಪಾ. ನಾನ ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಿದ್ನಿ... ಡಾಕ್ಟರ್ ಆಮ್ಯಾಲ ಹೇಳಿದ್ರು."

ಅವರಿಗೆ ಮಕ್ಕಳೇ ಆಗಿರಲಿಲ್ಲ ಎಂದುಕೊಂಡಿದ್ದೆವು ನಾವು. ನಾನು ಎದ್ದು ಬಂದೆ.

ಹೋದ ವರ್ಷ ಚಾಚಿ ತೀರಿಕೊಂಡರು. ಈಗ ಕಾಲೇಜಿಗೆ ಹೋಗುವ ಮಗಳಿಗೆ ಮೊನ್ನೆ ಇದನ್ನೆಲ್ಲ ಮೊದಲ ಸಲ ಹೇಳಿದೆ. ಅವಳು, "ಆ ಹುಡುಗಿ ಹೆಸರೇನಿತ್ತಪ್ಪಾ?" ಎಂದಳು.

ನಾನು ಕೇಳಿರಲೇ ಇಲ್ಲ.